ದಿವಂಗತ ಶ್ರೀ ಡಿ. ದೇವರಾಜ ಅರಸು: ಜೀವನ ಹಾಗೂ ಜೀತ ವಿಮುಕ್ತಿ ಕಾರ್ಯ

(ಸಾರ್ವಜನಿಕರ ಮಾಹಿತಿಗಾಗಿ)

ಕರ್ನಾಟಕ ರಾಜ್ಯದ ಮುಖ್ಯಮಂತ್ರಿಗಳಾಗಿ 1972ರಿಂದ 1980ರವರೆಗೆ, ನಡುವಣ ಸುಮಾರು ಎರಡು ತಿಂಗಳ ರಾಷ್ಟ್ರಪತಿ ಆಳ್ವಿಕೆಯ ಅವಧಿಯನ್ನು ಹೊರತುಪಡಿಸಿ, ಸೇವೆ ಸಲ್ಲಿಸಿದ ದಿವಂಗತ ಶ್ರೀ ಡಿ. ದೇವರಾಜ ಅರಸು ಅವರನ್ನು ನಾಡಿನ ಜನತೆ ಭೂ ಸುಧಾರಣೆಯ ಹರಿಕಾರರೆಂದು, ಹಿಂದುಳಿದ ವರ್ಗಗಳ ನೇತಾರರೆಂದು ನೆನೆಯುತ್ತಾರೆ. ಅವರ ಆಡಳಿತಾವಧಿಯಲ್ಲಿಯೇ ರಾಜ್ಯದಲ್ಲಿ ಜೀತ ಪದ್ಧತಿಯ ನಿರ್ಮೂಲನೆಯ ಕಾರ್ಯವೂ ಆರಂಭಗೊಂಡಿತೆಂಬ ಸಂಗತಿಯು ಅಷ್ಟಾಗಿ ಪ್ರಚಾರದಲ್ಲಿಲ್ಲ. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಹಾಗೂ ನೆಲಮಂಗಲ ತಾಲ್ಲೂಕುಗಳ ಇಟ್ಟಿಗೆ ಗೂಡು, ಕಲ್ಲು ಗಣಿ ಮತ್ತು ತೋಟಗಳಲ್ಲಿ ದುಡಿಯುವವರಿಗೆ ಸದರಿ ವಿಷಯವು ಇಂದಿಗೂ ಸಂಬಂಧಿಸಿದ್ದಾಗಿರುವುದರಿಂದ ಅವರ ಜೀವನದ ವಿವರಗಳನ್ನು ಇಲ್ಲಿ ನೀಡಲಾಗಿದೆ. ಅರಸು ಅವರ ಕಾಲದಲ್ಲಿ ಈ ನಾಲ್ಕು ತಾಲ್ಲೂಕುಗಳು ಬೆಂಗಳೂರು ಜಿಲ್ಲೆಗೆ ಸೇರಿದ್ದವು. ಗ್ರಾಮಾಂತರ ಜಿಲ್ಲೆಯು ಪ್ರತ್ಯೇಕವಾಗಿ ರಚನೆಯಾದದ್ದು 1986ರಲ್ಲಿ.

ಜನನ, ವಿದ್ಯಾಭ್ಯಾಸ ಮತ್ತು ಸಾರ್ವಜನಿಕ ಜೀವನ

ಶ್ರೀ ದೇವರಾಜ ಅರಸು ಅವರು 1915ರ ಆಗಸ್ಟ್ 20ರಂದು ಮೈಸೂರು ಜಿಲ್ಲೆ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯಲ್ಲಿ ಜನಿಸಿದರು. ಅವರು ಸೇರಿದ್ದ ಅರಸು ಸಮುದಾಯವು ಮೈಸೂರು ರಾಜಮನೆತನದೊಂದಿಗೆ ನಂಟುಳ್ಳದ್ದಾಗಿದ್ದರೂ ಜನಸಂಖ್ಯೆಯಲ್ಲಿ ಬಹಳ ಚಿಕ್ಕದು. ಮೈಸೂರಿನ ಅರಸು ಬೋರ್ಡಿಂಗ್ ಶಾಲೆಯಲ್ಲಿ ಹಾಗೂ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ವ್ಯಾಸಂಗ ಮಾಡಿ ವಿಜ್ಞಾನ ಪದವಿ ಪಡೆದರು. ಪದವಿಯ ನಂತರ ಪಟ್ಟಣದಲ್ಲಿ ನೌಕರಿಯನ್ನು ಅರಸದೆ ಸ್ವಗ್ರಾಮಕ್ಕೆ ಹಿಂದಿರುಗಿ ಬೇಸಾಯದಲ್ಲಿ ತೊಡಗಿದರು. ಯೌವನದಲ್ಲಿ ಕುಸ್ತಿಯಲ್ಲಿ ಆಸಕ್ತಿಯಿದ್ದ, ಎತ್ತರದ ನಿಲುವಿನ ಅರಸು ಅವರು ಓದುವ ಹವ್ಯಾಸವನ್ನೂ ಬೆಳೆಸಿಕೊಂಡಿದ್ದರು. ಅವರ ಸಹೋದರ ಶ್ರೀ ಕೆಂಪರಾಜ ಅರಸು ಅವರು ಕನ್ನಡ ಚಲನಚಿತ್ರ ರಂಗದಲ್ಲಿ ನಟರಾಗಿ, ನಿರ್ದೇಶಕರಾಗಿ ಹೆಸರು ಮಾಡಿದವರು.

1941ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆಗೆ ಆಯ್ಕೆಯಾದ ಅವರು ಸ್ವಾತಂತ್ರ್ಯ ಹೋರಾಟದಲ್ಲಿ ಭಾಗವಹಿಸಿ ಸೆರೆವಾಸ ಅನುಭವಿಸಿದರು. 1952ರ ಪ್ರಥಮ ಸಾರ್ವತ್ರಿಕ ಚುನಾವಣೆಯಲ್ಲಿ ಹುಣಸೂರಿನಿಂದ ವಿಧಾನಸಭೆಗೆ ಚುನಾಯಿತರಾದರು. ಶ್ರೀ ಎಸ್. ನಿಜಲಿಂಗಪ್ಪನವರ ಸಚಿವ ಸಂಪುಟದಲ್ಲಿ ಸಚಿವರಾಗಿದ್ದರು. 1969ರಲ್ಲಿ ಕಾಂಗ್ರೆಸ್ ಪಕ್ಷವು ವಿಭಜನೆಯಾದಾಗ ಶ್ರೀಮತಿ ಇಂದಿರಾ ಗಾಂಧಿಯವರ ಪಕ್ಷದಲ್ಲಿ ಉಳಿದ ಅವರು 1972ರ ಮಾರ್ಚ್ 20ರಂದು ಮುಖ್ಯಮಂತ್ರಿಗಳಾಗಿ ಅಧಿಕಾರ ಸ್ವೀಕರಿಸಿದರು. 1973ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಕರ್ನಾಟಕವೆಂದು ನಾಮಕರಣವಾದದ್ದು ಇವರ ಅವಧಿಯಲ್ಲಿಯೇ. ಶ್ರೀ ಎಲ್.ಜಿ. ಹಾವನೂರು ಅವರ ಅಧ್ಯಕ್ಷತೆಯ ಹಿಂದುಳಿದ ವರ್ಗಗಳ ಆಯೋಗವನ್ನು 1972ರಲ್ಲಿ ನೇಮಿಸಲಾಯಿತು. ಆಯೋಗವು 1975ರಲ್ಲಿ ವರದಿ ಸಲ್ಲಿಸಿತು.

ಜೀತವೆಂದರೇನು

ಜೀತವೆಂಬ ಪದಕ್ಕೆ ಹಳಗನ್ನಡದಲ್ಲಿ ಸಂಬಳ, ಜೀವನೋಪಾಯ ಎಂಬ ಅರ್ಥವಿತ್ತು. ಹೊಸಕೋಟೆ, ದೇವನಹಳ್ಳಿ ಭಾಗದಲ್ಲಿ ಮನೆಯಲ್ಲಿ ತೆಲುಗು ಮಾತನಾಡುವ ಕುಟುಂಬಗಳು ಇಂದಿಗೂ ತಿಂಗಳ ಸಂಬಳಕ್ಕೆ ಇದೇ ಪದವನ್ನು ಬಳಸುತ್ತಾರೆ. ದುಡಿಮೆಗೆ ಸಲ್ಲುವ ಪ್ರತಿಫಲವನ್ನು ಸೂಚಿಸುತ್ತಿದ್ದ ಪದವು ಕನ್ನಡದಲ್ಲಿ ಪ್ರತಿಫಲವಿಲ್ಲದ ದುಡಿಮೆಗೆ ಹೆಸರಾದದ್ದು ಯಾವಾಗ ಎಂಬುದನ್ನು ಭಾಷಾ ವಿದ್ವಾಂಸರಿಗೆ ಬಿಡಬಹುದು. ಹೇಗೆ ಎಂಬುದಂತೂ ಗ್ರಾಮೀಣ ಜನರಿಗೆ ತಿಳಿಯದ್ದಲ್ಲ. ಮದುವೆಗೋ, ಕಾಯಿಲೆಗೋ, ತಂದೆಯ ತಿಥಿಗೋ ಭೂಮಾಲೀಕರಿಂದ ಸಾಲ ಪಡೆದ ಕೃಷಿ ಕಾರ್ಮಿಕನು ಅಡವಿಡಲು ಬೇರೇನೂ ಇಲ್ಲದ್ದರಿಂದ ತನ್ನನ್ನು ಅಥವಾ ತನ್ನ ಮಗನನ್ನು ಒಪ್ಪಿಸುತ್ತಿದ್ದನು. ಬಾಲಕನಾದರೆ ದನ ಮೇಯಿಸುವುದು, ಕೊಟ್ಟಿಗೆ ಬಳಿಯುವುದು. ಬೆಳೆದ ಮೇಲೆ ಆರಂಬದ ಕೆಲಸ. ಹೊಟ್ಟೆಗೆ ಮುದ್ದೆ, ವರ್ಷಕ್ಕೊಂದು ಕಂಬಳಿ, ಒಂದಿಷ್ಟು ರಾಗಿ. ದುಡಿಮೆಯು ಬಡ್ಡಿಗೆ ಸರಿಹೋಗುತ್ತಿತ್ತು, ಅಸಲು ಹಾಗೆಯೇ ಉಳಿಯುತ್ತಿತ್ತು. ಲೆಕ್ಕದ ಪುಸ್ತಕವು ಸಾಲ ಕೊಟ್ಟವರ ಬಳಿ ಇರುತ್ತಿತ್ತು. ಸಾಲ ಪಡೆದವನಿಗೆ ಅಕ್ಷರ ಬರುತ್ತಿರಲಿಲ್ಲ. ಯಾವ ಲೆಕ್ಕಪತ್ರದಲ್ಲಿಯೂ ಜಮೆಯ ಬದಿಯನ್ನು ಖಾಲಿ ಬಿಟ್ಟು ಖರ್ಚಿನ ಬದಿಯನ್ನು ಮಾತ್ರ ಬರೆಯುತ್ತ ಹೋದರೆ ಬಾಕಿ ತೀರುವುದಿಲ್ಲ. ತಂದೆ ತೀರಿಕೊಂಡರೆ ಬಾಕಿಯು ಮಗನ ಹೆಸರಿಗೆ ವರ್ಗವಾಗುತ್ತಿತ್ತು. ಇಂತಹವರಲ್ಲಿ ಹೆಚ್ಚಿನವರು ಪರಿಶಿಷ್ಟ ಜಾತಿಗಳಿಗೆ ಸೇರಿದ ಭೂರಹಿತರಾಗಿದ್ದರು.

ಭಾರತ ಸಂವಿಧಾನದ 23ನೇ ಅನುಚ್ಛೇದವು ಮಾನವ ವ್ಯಾಪಾರವನ್ನೂ ಬಿಟ್ಟಿ ದುಡಿಮೆಯನ್ನೂ ಇತರ ಬಲವಂತದ ದುಡಿಮೆಯನ್ನೂ ಒಂದೇ ವಾಕ್ಯದಲ್ಲಿ ನಿಷೇಧಿಸಿದೆ. ಇವೆರಡನ್ನೂ ಒಟ್ಟಿಗೆ ಇರಿಸಿರುವುದು ಗಮನಾರ್ಹ. ಮನುಷ್ಯನನ್ನು ಬೆಲೆಗೆ ಕೊಳ್ಳುವುದಕ್ಕೂ ಸಾಲಕ್ಕಾಗಿ ಹಿಡಿದಿಡುವುದಕ್ಕೂ ಅನುಭವಿಸುವವನ ಪಾಲಿಗೆ ವ್ಯತ್ಯಾಸವಿಲ್ಲ. ಆದಾಗ್ಯೂ ಸಂವಿಧಾನವು ಜಾರಿಗೆ ಬಂದ 25 ವರ್ಷಗಳವರೆಗೆ ಜೀತವನ್ನು ದೇಶದಾದ್ಯಂತ ಶಿಕ್ಷಾರ್ಹಗೊಳಿಸುವ ಪ್ರತ್ಯೇಕ ಕಾಯ್ದೆ ಇರಲಿಲ್ಲ.

ನಮೂನೆ 7 ಮತ್ತು ನಮೂನೆಯಿಲ್ಲದವರು

ಅರಸು ಅವರ ಸರ್ಕಾರವು ತಿದ್ದುಪಡಿ ಮಾಡಿದ ಭೂ ಸುಧಾರಣಾ ಕಾಯ್ದೆಯು 1974ರ ಮಾರ್ಚ್ 1ರಿಂದ ಜಾರಿಗೆ ಬಂದಿತು. ಗೇಣಿ ಪದ್ಧತಿ ರದ್ದಾಗಿ, ಗೇಣಿದಾರರ ಸಾಗುವಳಿಯಲ್ಲಿದ್ದ ಜಮೀನುಗಳು ಸರ್ಕಾರದಲ್ಲಿ ನಿಹಿತಗೊಂಡವು. ಉಳುವವನು ಅಧಿಭೋಗದ ಹಕ್ಕನ್ನು ಪಡೆಯಲು ನಮೂನೆ 7ರಲ್ಲಿ ಅರ್ಜಿ ಸಲ್ಲಿಸಬೇಕಿತ್ತು. ಅರ್ಜಿಗಳ ತೀರ್ಮಾನಕ್ಕೆಂದು ಉಪವಿಭಾಗಾಧಿಕಾರಿಗಳ ಅಧ್ಯಕ್ಷತೆಯಲ್ಲಿ ತಾಲ್ಲೂಕು ಭೂ ನ್ಯಾಯಮಂಡಳಿಗಳನ್ನು ರಚಿಸಲಾಯಿತು. ನಾಮನಿರ್ದೇಶಿತ ಸದಸ್ಯರಲ್ಲಿ ಪರಿಶಿಷ್ಟ ಜಾತಿ ಅಥವಾ ಪಂಗಡದ ಒಬ್ಬರಾದರೂ ಇರತಕ್ಕದ್ದೆಂದು ವಿಧಿಸಲಾಗಿತ್ತು. ಆರಂಭದಲ್ಲಿ ಈ ಮಂಡಳಿಗಳ ಮುಂದೆ ವಕೀಲರು ಹಾಜರಾಗುವಂತಿರಲಿಲ್ಲ. ಜಮೀನ್ದಾರನ ಪರ ವಾದಿಸಲು ನಗರದಿಂದ ವಕೀಲರು ಬಂದರೆ ಓದು ಬಾರದ ಗೇಣಿದಾರನು ಮಂಡಳಿಯ ಮುಂದೆ ನಿಲ್ಲಲಾರನೆಂಬುದನ್ನು ಬಲ್ಲವರು ಮಾಡಿದ ಏರ್ಪಾಡು ಅದು. ಅರ್ಜಿ ಸಲ್ಲಿಕೆಯ ಕೊನೆಯ ದಿನಾಂಕವನ್ನು ಹಲವು ಬಾರಿ ಮುಂದೂಡಿ ಅಂತಿಮವಾಗಿ 1979ರ ಜೂನ್ 30ಕ್ಕೆ ನಿಗದಿಪಡಿಸಲಾಯಿತು. ಒಟ್ಟು 8 ಲಕ್ಷದಷ್ಟು ಅರ್ಜಿಗಳು ಬಂದವು. ಇಂದಿಗೂ ಪಹಣಿ, ಮ್ಯುಟೇಷನ್ ದಾಖಲೆಗಳನ್ನು ಹುಡುಕುತ್ತ ತಾಲ್ಲೂಕು ಕಚೇರಿಗೆ ಬರುವ ಅನೇಕ ಕುಟುಂಬಗಳ ಹಕ್ಕಿನ ಮೂಲವು ಆ ಕಾಲದ ಭೂ ನ್ಯಾಯಮಂಡಳಿಯ ಒಂದು ಆದೇಶವಾಗಿರುತ್ತದೆ.

ಆದರೆ ಸದರಿ ಕಾಯ್ದೆಯಿಂದ ಜೀತದಾಳುವಿಗೆ ಜಮೀನು ದೊರೆಯಲಿಲ್ಲ. ಅವನು ಗೇಣಿದಾರನಾಗಿರಲಿಲ್ಲ. ಬೇರೊಬ್ಬರ ಹೊಲವನ್ನು ಮೂವತ್ತು ವರ್ಷ ಉತ್ತಿದ್ದರೂ ಕಾನೂನಿನ ದೃಷ್ಟಿಯಲ್ಲಿ ಅವನು ಆಳು ಮಾತ್ರ. ಅವನ ಪಾಲಿಗೆ ನಮೂನೆ 7 ಇರಲಿಲ್ಲ. ಭೂ ಸುಧಾರಣೆಯ ಕುರಿತು ಬರೆದ ಹಲವರು ಈ ಕೊರತೆಯನ್ನು ಎತ್ತಿ ತೋರಿಸಿದ್ದಾರೆ, ಮತ್ತು ಅದು ನಿಜವಾದ ಕೊರತೆಯೇ ಆಗಿದೆ. ಗೇಣಿದಾರರಲ್ಲಿ ಮಧ್ಯಮ ಜಾತಿಗಳವರು ಹೆಚ್ಚಾಗಿದ್ದು, ಕಾಯ್ದೆಯ ಫಲವು ಅವರಿಗೆ ಹೆಚ್ಚು ದೊರೆಯಿತು. ಭೂರಹಿತನಿಗೆ ಬೇರೆ ದಾರಿಯನ್ನೇ ಹುಡುಕಬೇಕಾಯಿತು.

ಆ ದಾರಿಯು 1975-76ರಲ್ಲಿ ಎರಡು ಕಾನೂನುಗಳ ರೂಪದಲ್ಲಿ ತೆರೆಯಿತು. ಮೊದಲನೆಯದು ಕೇಂದ್ರದ್ದು. 1975ರ ಜುಲೈನಲ್ಲಿ ಪ್ರಕಟವಾದ 20 ಅಂಶಗಳ ಕಾರ್ಯಕ್ರಮದಲ್ಲಿ ಜೀತ ಪದ್ಧತಿಯ ನಿರ್ಮೂಲನೆಯೂ ಸೇರಿತ್ತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಸುಗ್ರೀವಾಜ್ಞೆ ಹೊರಟು, 1976ರ ಫೆಬ್ರವರಿಯಲ್ಲಿ ಜೀತ ಕಾರ್ಮಿಕ ಪದ್ಧತಿ (ರದ್ದಿಯಾತಿ) ಕಾಯ್ದೆಯಾಯಿತು. ಕಾಯ್ದೆಯು 1975ರ ಅಕ್ಟೋಬರ್ 25ರಿಂದಲೇ ಜಾರಿಗೆ ಬಂದುದಾಗಿ ಘೋಷಿಸಲಾಯಿತು. ಎರಡನೆಯದು ರಾಜ್ಯದ್ದು. ಅರಸು ಅವರ ಸರ್ಕಾರವು ತಂದ 1976ರ ಕರ್ನಾಟಕ ಋಣ ಪರಿಹಾರ ಕಾಯ್ದೆಯು ಸಣ್ಣ ರೈತರು, ಭೂರಹಿತ ಕೃಷಿ ಕಾರ್ಮಿಕರು ಹಾಗೂ ದುರ್ಬಲ ವರ್ಗದವರ ಖಾಸಗಿ ಸಾಲಗಳನ್ನು ರದ್ದುಗೊಳಿಸಿ, ಅಡವಿಟ್ಟ ವಸ್ತುಗಳನ್ನು ಹಿಂದಿರುಗಿಸುವಂತೆ ವಿಧಿಸಿತು. ಒಂದು ಕಾಯ್ದೆಯು ಕಟ್ಟನ್ನು ಬಿಚ್ಚಿತು. ಮತ್ತೊಂದು, ಕಟ್ಟಿಗೆ ಕಾರಣವಾದ ಸಾಲವನ್ನು ಅಳಿಸಿತು. ಈ ಎರಡೂ ದೇಶದಲ್ಲಿ ತುರ್ತು ಪರಿಸ್ಥಿತಿ ಜಾರಿಯಲ್ಲಿದ್ದಾಗ, ಇತರ ನಾಗರಿಕರ ಸ್ವಾತಂತ್ರ್ಯವು ಮೊಟಕುಗೊಂಡು ವಿರೋಧ ಪಕ್ಷಗಳ ನಾಯಕರು ಬೆಂಗಳೂರಿನ ಕಾರಾಗೃಹದಲ್ಲಿದ್ದ ದಿನಗಳಲ್ಲಿಯೇ ಬಂದವೆಂಬುದನ್ನೂ ಇಲ್ಲಿ ನಮೂದಿಸುವುದು ನ್ಯಾಯೋಚಿತ. ಡಾ. ಶಿವರಾಮ ಕಾರಂತರ ಚೋಮನ ದುಡಿ ಕಾದಂಬರಿಯು ಚಲನಚಿತ್ರವಾಗಿ ಬಂದದ್ದು ಸಹ ಇದೇ 1975ರಲ್ಲಿ. ಸಾಲ ತೀರಿಸಲು ಮಕ್ಕಳನ್ನು ಕಾಫಿ ತೋಟಕ್ಕೆ ಕಳುಹಿಸಬೇಕಾಗಿ ಬಂದ, ಸ್ವಂತ ಬೇಸಾಯದ ಆಸೆ ಈಡೇರದ ಚೋಮನ ಕಥೆಯನ್ನು ನಾಡಿನ ಜನ ತೆರೆಯ ಮೇಲೆ ಕಂಡರು.

ಕಾಯ್ದೆಯ ಕೆಲವು ಅಂಶಗಳನ್ನು ಸಾರ್ವಜನಿಕರು ತಿಳಿದಿರುವುದು ಅವಶ್ಯಕ. ಜೀತಕ್ಕೆ ಒಪ್ಪಿಸುವ ಯಾವುದೇ ಕರಾರು, ರೂಢಿ ಅಥವಾ ಸಂಪ್ರದಾಯವು ಅಸಿಂಧು. ಜೀತದ ಸಾಲವು ನಶಿಸಿದಂತೆ. ಅದನ್ನು ವಸೂಲು ಮಾಡುವುದೇ ಅಪರಾಧ. ವಾಸದ ಗುಡಿಸಲಿನಿಂದ ಬಿಡುಗಡೆಗೊಂಡವರನ್ನು ಹೊರಹಾಕುವಂತಿಲ್ಲ. ತಾನು ಜೀತದಾಳೆಂದು ಕಾರ್ಮಿಕನು ಹೇಳಿದಲ್ಲಿ, ಅದು ಜೀತದ ಸಾಲವಲ್ಲವೆಂದು ರುಜುವಾತುಪಡಿಸುವ ಹೊಣೆಯು ಸಾಲ ಕೊಟ್ಟವನದು. ಲೆಕ್ಕದ ಪುಸ್ತಕವು ಯಾರ ಬಳಿ ಇರುತ್ತದೆಯೆಂಬುದನ್ನು ಬಲ್ಲವರಿಗೆ ಈ ಕೊನೆಯ ಅಂಶದ ಬೆಲೆ ತಿಳಿಯುತ್ತದೆ. ತಪ್ಪಿತಸ್ಥರಿಗೆ 3 ವರ್ಷಗಳವರೆಗೆ ಕಾರಾಗೃಹ ವಾಸ ಹಾಗೂ 2,000 ರೂಪಾಯಿಗಳವರೆಗೆ ದಂಡ ವಿಧಿಸಬಹುದು. ದಂಡದ ಮೊತ್ತವು 1976ರಲ್ಲಿ ದೊಡ್ಡದಾಗಿತ್ತು, ಇಂದು ಅಲ್ಲ.

ಸ್ವಯಂಸೇವಾ ಸಂಸ್ಥೆಗಳ ಪಾತ್ರ

ಜೀತದಾಳುವು ತಾನಾಗಿಯೇ ಕಚೇರಿಗೆ ಬಂದು ಅರ್ಜಿ ಸಲ್ಲಿಸುವುದು ಅಪರೂಪ. ಬರಲು ಬಿಡುವಿರುವವನು ಜೀತದಾಳುವಾಗಿರುವುದಿಲ್ಲ. ಇದನ್ನು ಮನಗಂಡೇ ಕಾಯ್ದೆಯು ಜಿಲ್ಲಾ ಮತ್ತು ಉಪವಿಭಾಗ ಮಟ್ಟದ ಜಾಗೃತಿ ಸಮಿತಿಗಳಲ್ಲಿ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಮೂವರನ್ನು, ಇಬ್ಬರು ಸಮಾಜ ಸೇವಕರನ್ನು ಹಾಗೂ ಗ್ರಾಮೀಣಾಭಿವೃದ್ಧಿಯಲ್ಲಿ ತೊಡಗಿರುವ ಸರ್ಕಾರಿ ಅಥವಾ ಸರ್ಕಾರೇತರ ಸಂಸ್ಥೆಗಳ ಪ್ರತಿನಿಧಿಗಳನ್ನು ಸೇರಿಸಲು ಅವಕಾಶ ಕಲ್ಪಿಸಿದೆ. ಸರ್ಕಾರದ ಆದೇಶವು ಹಳ್ಳಿಯ ಕೊಟ್ಟಿಗೆಯವರೆಗೆ ತಲುಪಬೇಕಾದರೆ ನಡುವೆ ನಡೆದು ಹೋಗುವ ಒಬ್ಬರು ಬೇಕು.

1978ರಲ್ಲಿ ಗಾಂಧಿ ಶಾಂತಿ ಪ್ರತಿಷ್ಠಾನವು ರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಸಹಯೋಗದಲ್ಲಿ ಹತ್ತು ರಾಜ್ಯಗಳಲ್ಲಿ ಸಮೀಕ್ಷೆ ಕೈಗೊಂಡು, ಸುಮಾರು 26 ಲಕ್ಷ ಜೀತದಾಳುಗಳಿರುವುದಾಗಿ ಅಂದಾಜಿಸಿತು. ಕರ್ನಾಟಕಕ್ಕೆ ಸಂಬಂಧಿಸಿದ ಅಂದಾಜು 1.9 ಲಕ್ಷಕ್ಕೂ ಮೇಲ್ಪಟ್ಟಿತ್ತು. ಕೇಂದ್ರ ಕಾರ್ಮಿಕ ಸಚಿವಾಲಯದ ಅಂಕಿ-ಅಂಶಗಳ ಪ್ರಕಾರ ಕಾಯ್ದೆ ಬಂದ ನಂತರದ ದಶಕಗಳಲ್ಲಿ ರಾಜ್ಯದಲ್ಲಿ ಅಧಿಕೃತವಾಗಿ ಗುರುತಿಸಿ ಬಿಡುಗಡೆ ಮಾಡಲಾದವರು 63 ಸಾವಿರಕ್ಕೂ ಹೆಚ್ಚು. ಇದರ ಬಹುಪಾಲು ಕಾಯ್ದೆಯ ಮೊದಲ ದಶಕದಲ್ಲಿ ನಡೆದುದಾಗಿದ್ದು, ಸಂಖ್ಯೆಯಲ್ಲಿ ತಮಿಳುನಾಡಿನೊಂದಿಗೆ ಕರ್ನಾಟಕವು ದೇಶದಲ್ಲಿಯೇ ಮುಂಚೂಣಿಯಲ್ಲಿದೆ. ಪುನರ್ವಸತಿ ಪಡೆದವರು ಸುಮಾರು 57 ಸಾವಿರ. ಉಳಿದ ಆರು ಸಾವಿರ ಮಂದಿಯಲ್ಲಿ ಕೆಲವರು ನೆರವು ತಲುಪುವ ಮೊದಲೇ ತೀರಿಕೊಂಡಿದ್ದರು, ಕೆಲವರು ಊರು ಬಿಟ್ಟಿದ್ದರು. ಸಮೀಕ್ಷೆಯ ಅಂದಾಜಿಗೂ ಕಚೇರಿಯ ಲೆಕ್ಕಕ್ಕೂ ಇರುವ ಅಂತರವನ್ನು ಓದುಗರು ಗಮನಿಸಬಹುದು.

ಬಿಡುಗಡೆಗೊಂಡವನಿಗೆ ಮರುದಿನದ ಊಟ ಎಲ್ಲಿಂದ ಎಂಬ ಪ್ರಶ್ನೆಯೇ ಈ ಕಾರ್ಯದ ಕಠಿಣ ಭಾಗವಾಗಿತ್ತು. 1978ರಲ್ಲಿ ಆರಂಭವಾದ ಪುನರ್ವಸತಿ ಯೋಜನೆಯಡಿ ತಲಾ 4,000 ರೂಪಾಯಿಗಳನ್ನು ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ಸಮಪಾಲಿನಲ್ಲಿ ಭರಿಸುತ್ತಿದ್ದವು. ಹಸು, ಕುರಿ, ಎತ್ತಿನ ಗಾಡಿ ಮುಂತಾದ ರೂಪದಲ್ಲಿ ನೆರವು ದೊರೆಯುತ್ತಿತ್ತು. ನೆರವು ತಡವಾದಲ್ಲಿ ಬಿಡುಗಡೆಗೊಂಡವನು ಪುನಃ ಅದೇ ಮಾಲೀಕನ ಬಾಗಿಲಿಗೆ ಹೋಗುತ್ತಿದ್ದನು. ಪುನರ್ವಸತಿಯಿಲ್ಲದ ಬಿಡುಗಡೆಯು ಕಾಯ್ದೆಯ ಉದ್ದೇಶವನ್ನೇ ವಿಫಲಗೊಳಿಸುತ್ತದೆಂದು ಸರ್ವೋಚ್ಚ ನ್ಯಾಯಾಲಯವು 1984ರಲ್ಲಿ ಮಧ್ಯಪ್ರದೇಶದ ಒಂದು ಪ್ರಕರಣದಲ್ಲಿ ಸ್ಪಷ್ಟಪಡಿಸಿತು.

ಕೊನೆಯ ವರ್ಷಗಳು

ಅರಸು ಅವರ ಆಡಳಿತದ ವಿರುದ್ಧ ಆರೋಪಗಳೂ ಇದ್ದವು. 1977ರಲ್ಲಿ ಕೇಂದ್ರ ಸರ್ಕಾರವು ನ್ಯಾಯಮೂರ್ತಿ ಗ್ರೋವರ್ ಅವರ ವಿಚಾರಣಾ ಆಯೋಗವನ್ನು ನೇಮಿಸಿತು. ಅದೇ ವರ್ಷದ ಡಿಸೆಂಬರ್ 31ರಂದು ರಾಜ್ಯದಲ್ಲಿ ರಾಷ್ಟ್ರಪತಿ ಆಳ್ವಿಕೆ ಜಾರಿಯಾಯಿತು. 1978ರ ಚುನಾವಣೆಯಲ್ಲಿ ಜಯ ಗಳಿಸಿ ಫೆಬ್ರವರಿ 28ರಂದು ಪುನಃ ಮುಖ್ಯಮಂತ್ರಿಗಳಾದರು. 1979ರಲ್ಲಿ ಶ್ರೀಮತಿ ಇಂದಿರಾ ಗಾಂಧಿಯವರೊಂದಿಗೆ ಭಿನ್ನಾಭಿಪ್ರಾಯ ತಲೆದೋರಿ ಪಕ್ಷದಿಂದ ಬೇರ್ಪಟ್ಟರು. 1980ರ ಜನವರಿಯಲ್ಲಿ ಅಧಿಕಾರದಿಂದ ನಿರ್ಗಮಿಸಿದರು. ಬಳಿಕ ಕ್ರಾಂತಿರಂಗವೆಂಬ ಪಕ್ಷವನ್ನು ಸ್ಥಾಪಿಸಿದ ಅವರು 1982ರ ಜೂನ್ 6ರಂದು ನಿಧನ ಹೊಂದಿದರು.

ಅವರು ತೀರಿಕೊಂಡ ಮೂರು ತಿಂಗಳ ನಂತರ, 1982ರ ಸೆಪ್ಟೆಂಬರ್‌ನಲ್ಲಿ, ಸರ್ವೋಚ್ಚ ನ್ಯಾಯಾಲಯವು ಏಷ್ಯನ್ ಕ್ರೀಡಾಕೂಟದ ಕಾಮಗಾರಿಗಳ ಕಾರ್ಮಿಕರ ಪ್ರಕರಣದಲ್ಲಿ ಮಹತ್ವದ ತೀರ್ಪು ನೀಡಿತು. ಹಸಿವು ಮತ್ತು ಬಡತನದ ಒತ್ತಾಯಕ್ಕೆ ಸಿಲುಕಿ ಕನಿಷ್ಠ ವೇತನಕ್ಕಿಂತ ಕಡಿಮೆ ಕೂಲಿಗೆ ದುಡಿಯುವುದು ಸಹ ಬಲವಂತದ ದುಡಿಮೆಯೇ ಎಂದು ನ್ಯಾಯಾಲಯವು ಹೇಳಿತು. ಆ ಅರ್ಜಿಯನ್ನು ಸಲ್ಲಿಸಿದ್ದು ಒಂದು ನಾಗರಿಕ ಹಕ್ಕುಗಳ ಸಂಘಟನೆ. 1983ರಲ್ಲಿ ಫರೀದಾಬಾದಿನ ಕಲ್ಲು ಗಣಿ ಕಾರ್ಮಿಕರ ಪರವಾಗಿ ಬಂಧುವಾ ಮುಕ್ತಿ ಮೋರ್ಚಾ ಸಂಘಟನೆಯು ತಂದ ಪ್ರಕರಣದಲ್ಲಿ, ಬಲವಂತದ ದುಡಿಮೆ ಕಂಡುಬಂದಲ್ಲಿ ಅದು ಮುಂಗಡಕ್ಕಾಗಿಯೇ ನಡೆದಿದೆಯೆಂದು ಭಾವಿಸತಕ್ಕದ್ದೆಂದು ತೀರ್ಪಾಯಿತು. ಕರ್ನಾಟಕದಲ್ಲಿ 1990ರ ದಶಕದಿಂದ ಜೀತ ವಿಮುಕ್ತಿ ಕರ್ನಾಟಕ (ಜೀವಿಕ) ಸಂಸ್ಥೆಯು ಹಳ್ಳಿ ಹಳ್ಳಿಗಳಲ್ಲಿ ಜೀತದಾಳುಗಳನ್ನು ಗುರುತಿಸಿ ಅರ್ಜಿ ಹಾಕಿಸುವ ಕೆಲಸದಲ್ಲಿ ತೊಡಗಿತು. ಮಾನವ ಹಕ್ಕುಗಳ ಸಂಸ್ಥೆಯಾದ ಹ್ಯೂಮನ್ ರೈಟ್ಸ್ ವಾಚ್ 2003ರಲ್ಲಿ ಪ್ರಕಟಿಸಿದ ವರದಿಯು ರೇಷ್ಮೆ ಉದ್ಯಮದಲ್ಲಿ ಮುಂಗಡಕ್ಕಾಗಿ ದುಡಿಯುತ್ತಿದ್ದ ಮಕ್ಕಳ ಸ್ಥಿತಿಯನ್ನು ವಿವರಿಸಿತು. ವರದಿಯು ಅಧ್ಯಯನ ಮಾಡಿದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ರೇಷ್ಮೆಗೆ ಹೆಸರಾದ ರಾಮನಗರ, ಮಾಗಡಿ ತಾಲ್ಲೂಕುಗಳು ಆಗ ಬೆಂಗಳೂರು ಗ್ರಾಮಾಂತರ ಜಿಲ್ಲೆಗೇ ಸೇರಿದ್ದವು, 2007ರಲ್ಲಿ ಬೇರ್ಪಟ್ಟವು.

ಅರಸು ಅವರ ಕಾಲದ ಜೀತದಾಳುವು ಅದೇ ಊರಿನವನಾಗಿದ್ದನು. ಅವನ ಹೆಸರು, ಕುಲ, ಸಾಲ ಎಲ್ಲವೂ ಊರಿಗೆ ತಿಳಿದಿರುತ್ತಿತ್ತು. ಇಂದು ನಗರದ ಅಂಚಿನ ಗೂಡುಗಳಿಗೆ ದೂರದ ರಾಜ್ಯಗಳಿಂದ ಕುಟುಂಬ ಸಮೇತ ಕರೆತರಲ್ಪಡುವವರು ಇಲ್ಲಿನ ಭಾಷೆಯನ್ನೂ ಅರಿಯರು. ಮಧ್ಯವರ್ತಿಯು ಊರಿನಲ್ಲಿಯೇ ಮುಂಗಡ ಕೊಟ್ಟು ರೈಲು ಹತ್ತಿಸಿರುತ್ತಾನೆ. ಗುರುತಿನ ಚೀಟಿಯು ಮಾಲೀಕರ ಬಳಿ ಇರುವುದೂ ಉಂಟು. ಸಾಲ ತೀರಿಸದೆ ಹೊರಡುವಂತಿಲ್ಲವೆಂಬ ಮಾತು ಮಾತ್ರ ಹಳೆಯದೇ. ಇಂತಹ ಸಂದರ್ಭದಲ್ಲಿ ಜೀತ ಕಾಯ್ದೆಯೊಂದಿಗೆ ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಂ (ಮಾನವ ಕಳ್ಳಸಾಗಣೆ) ಸಹ ಅನ್ವಯವಾಗಬಹುದು.

ಅರ್ಜಿದಾರರ ಗಮನಕ್ಕೆ

2016ರ ಪರಿಷ್ಕೃತ ಕೇಂದ್ರ ಯೋಜನೆಯಂತೆ ಪುನರ್ವಸತಿ ನೆರವು ವಯಸ್ಕ ಪುರುಷರಿಗೆ 1 ಲಕ್ಷ ರೂಪಾಯಿ, ಮಹಿಳೆಯರಿಗೆ ಮತ್ತು ಮಕ್ಕಳಿಗೆ 2 ಲಕ್ಷ, ಕಳ್ಳಸಾಗಣೆ ಹಾಗೂ ಲೈಂಗಿಕ ಶೋಷಣೆಯಂತಹ ತೀವ್ರ ಪ್ರಕರಣಗಳಲ್ಲಿ 3 ಲಕ್ಷ. ಪೂರ್ಣ ಮೊತ್ತವು ಪ್ರಕರಣದ ತೀರ್ಮಾನವನ್ನು ಅವಲಂಬಿಸಿರುತ್ತದೆ. ತಕ್ಷಣದ ನೆರವಿಗೆ ಅದನ್ನು ಕಾಯಬೇಕಾಗಿಲ್ಲ. 2016ರಲ್ಲಿ 20,000 ರೂಪಾಯಿಗಳವರೆಗೆ ಇದ್ದ ಈ ನೆರವನ್ನು ನಂತರ 30,000 ರೂಪಾಯಿಗಳವರೆಗೆ ಹೆಚ್ಚಿಸಲಾಗಿದೆ. ಇದಕ್ಕೆಂದು ಪ್ರತಿ ಜಿಲ್ಲೆಯಲ್ಲಿ ಕನಿಷ್ಠ 10 ಲಕ್ಷ ರೂಪಾಯಿಗಳ ಪುನರ್ವಸತಿ ನಿಧಿಯನ್ನು ಇರಿಸಲು ಯೋಜನೆಯಲ್ಲಿ ಸೂಚಿಸಲಾಗಿದೆ. ಎಲ್ಲದಕ್ಕೂ ಆಧಾರವಾಗುವ ದಾಖಲೆಯೆಂದರೆ ಬಿಡುಗಡೆ ಪ್ರಮಾಣಪತ್ರ. ಬಿಡುಗಡೆಯಾದ ದಿನವೇ ಅದನ್ನು ಕೇಳಿ ಪಡೆದು, ಪ್ರತಿಯೊಂದನ್ನು ಬೇರೆಡೆ ಜೋಪಾನವಾಗಿ ಇರಿಸಿಕೊಳ್ಳತಕ್ಕದ್ದು.

ದೂರನ್ನು ಜೀತದಾಳುವೇ ನೀಡಬೇಕೆಂಬ ನಿಯಮವಿಲ್ಲ. ಸಂಬಂಧಿಕರು, ನೆರೆಹೊರೆಯವರು, ಸ್ವಯಂಸೇವಾ ಸಂಸ್ಥೆಗಳು ಬಿಳಿ ಹಾಳೆಯಲ್ಲಿ ಬರೆದು ಆಯಾ ತಾಲ್ಲೂಕಿನ ತಹಶೀಲ್ದಾರರಿಗೆ, ದೊಡ್ಡಬಳ್ಳಾಪುರದ ಉಪವಿಭಾಗಾಧಿಕಾರಿಗಳಿಗೆ ಅಥವಾ ದೇವನಹಳ್ಳಿ ತಾಲ್ಲೂಕಿನ ಜಿಲ್ಲಾಡಳಿತ ಭವನದಲ್ಲಿರುವ ಜಿಲ್ಲಾಧಿಕಾರಿಗಳ ಕಚೇರಿಗೆ ಸಲ್ಲಿಸಬಹುದು. ಬರೆಯಲು ಬಾರದವರು ಬಾಯಿಮಾತಿನಲ್ಲಿ ತಿಳಿಸಬಹುದು. ಮಕ್ಕಳು ಇರುವಲ್ಲಿ 1098ಕ್ಕೂ, ತುರ್ತು ಸಂದರ್ಭದಲ್ಲಿ 112ಕ್ಕೂ ಕರೆ ಮಾಡಬಹುದು. ಸ್ಥಳದ ಗುರುತು, ಅಲ್ಲಿರುವವರ ಅಂದಾಜು ಸಂಖ್ಯೆ, ಅವರು ಮಾತನಾಡುವ ಭಾಷೆ ಇವಿಷ್ಟನ್ನು ತಿಳಿಸಿದರೆ ವಿಚಾರಣೆಗೆ ತೆರಳುವ ಅಧಿಕಾರಿಗಳು ಭಾಷೆ ಬಲ್ಲವರೊಬ್ಬರನ್ನು ಜೊತೆಗೆ ಕರೆದೊಯ್ಯಲು ಅನುಕೂಲವಾಗುತ್ತದೆ.